ಪುಸಲಾಯಿಸುವ ಪುಟ

ನಮ್ಮ ಬೀದಿಯಲ್ಲಿ ಗ್ಯಾಸ್ ಸಿಲಿಂಡರ್ ಮೇಲಿನ ಮಹಡಿಯವರೆಗೂ ಬರುವುದು ನಮ್ಮ ಮನೆಯೊಂದಕ್ಕೇ. ಮಿಕ್ಕವರಿಗೆಲ್ಲ ಗೇಟಿನ ಹತ್ತಿರ ಇಳಿಸಿ, ಹಾರ್ನ್ ಬಾರಿಸಿ ಹೊರಟುಬಿಡುತ್ತಾರೆ. ಎದುರು ಮನೆಯ ಮೇಡಂ ಒಮ್ಮೆ ಸೊಂಟ ಹಿಡಿದುಕೊಂಡು ಕೇಳಿದರು, ‘ನೀವು ಅವರಿಗೆ ಏನು ಕೊಡ್ತೀರಿ?’ ನಾನು ಏನೂ ಕೊಡುವುದಿಲ್ಲ. ಬಾಲ್ಕನಿಯಲ್ಲಿ ನಿಂತು, ‘ಅಣ್ಣಾ, ಇಂಥ ಬಿಸಿಲಲ್ಲಿ ಬಂದಿದ್ದೀಯಲ್ಲ, ಮಜ್ಜಿಗೆ ಕುಡೀತೀಯಾ?’ ಅನ್ನುತ್ತೇನೆ. ಮಜ್ಜಿಗೆ ಮೇಲಿದೆ, ಅಣ್ಣ ಕೆಳಗಿದ್ದಾನೆ, ಸಿಲಿಂಡರ್ ಅವನ ಹೆಗಲ ಮೇಲಿದೆ. ಮುಂದಿನದು ತಾನಾಗಿ ಆಗುತ್ತದೆ.

ನನ್ನ ಮಗಳಿಗೆ ಇದನ್ನು ನೋಡಿದರೆ ಮೈ ಉರಿಯುತ್ತದೆ. ‘ಅಮ್ಮಾ, ನಿನಗೆ ಒಟ್ಟು ಎಷ್ಟು ಜನ ಅಣ್ಣಂದಿರು?’ ಎಂದು ಮೊನ್ನೆ ಕೇಳಿದಳು. ಲೆಕ್ಕ ಹಾಕಲು ಹೋಗಿ ಹಾಲಿನವನು, ಪೋಸ್ಟಿನವನು, ತಾಲೂಕು ಕಚೇರಿಯ ಜೆರಾಕ್ಸ್ ಅಂಗಡಿಯವನವರೆಗೆ ಬಂದು ನಿಂತೆ. ಜೆರಾಕ್ಸ್ ಅಂದದ್ದೇ ತಡ, ಮನಸ್ಸು ಇಪ್ಪತ್ತು ವರ್ಷಕ್ಕೂ ಹಿಂದಕ್ಕೆ, ಗಾವಡಗೆರೆ ಹೋಬಳಿಯ ನಮ್ಮ ಹಳ್ಳಿಗೆ ಓಡಿಹೋಯಿತು. ನೀವು ನಗಬಾರದು. ಈ ಅಣ್ಣ ಅನ್ನುವ ವಿದ್ಯೆಗೆ ನಾವು ಒಂದು ಕಾಲದಲ್ಲಿ ನಿಯಮಾವಳಿಯನ್ನೇ ಬರೆದಿದ್ದೆವು. ಅದೂ ರಾಕ್ಷಸರನ್ನು ಒಲಿಸಿಕೊಳ್ಳಲು.

ಆಗ ನಾನು ಹುಣಸೂರಿನಲ್ಲಿ ಪಿಯುಸಿ ಓದುತ್ತಿದ್ದೆ. ದೊಡ್ಡಪ್ಪನ ಮಗ ಗಿರೀಶಣ್ಣ ಮೈಸೂರಿನಲ್ಲಿ ಇಂಜಿನಿಯರಿಂಗ್ ಮಾಡುತ್ತಿದ್ದ, ಹಾಸ್ಟೆಲಿನಲ್ಲಿದ್ದ. ಶನಿವಾರ ಊರಿಗೆ ಬರುವಾಗ ಒಗೆಯುವ ಬಟ್ಟೆ ಬಿಟ್ಟು ಬೇರೇನನ್ನೂ ತರದ ಆ ಪುಣ್ಯಾತ್ಮ ಒಂದು ಸಲ ದಪ್ಪ ಜೆರಾಕ್ಸ್ ಕಟ್ಟು ತಂದ. ಹಾಸ್ಟೆಲಿನಲ್ಲಿ ಎಲ್ಲರೂ ಆಡುತ್ತಿದ್ದ ಒಂದು ಆಟದ ಪುಸ್ತಕವಂತೆ. ಪಗಡೆಯ ಹಾಸಿಲ್ಲ, ಇಸ್ಪೀಟಿನ ಎಲೆಯಿಲ್ಲ, ಚೆಂಡಿಲ್ಲ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಆ ಕಥೆಯೊಳಗಿನ ಮನುಷ್ಯರಾಗುತ್ತಾರೆ. ಕಾಡು ಬಂತು, ಏನು ಮಾಡುತ್ತೀರಿ? ರಾಕ್ಷಸ ಬಂದ, ಏನು ಮಾಡುತ್ತೀರಿ? ಮಾಡಿದ್ದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ದಾಳಕ್ಕೆ ಇಪ್ಪತ್ತು ಮುಖ ಇರಬೇಕೆಂದು ಪುಸ್ತಕದಲ್ಲಿತ್ತು. ಇಪ್ಪತ್ತು ಮುಖದ ದಾಳವನ್ನು ಗಾವಡಗೆರೆ ಸಂತೆಯಲ್ಲಿ ಕೇಳಿದರೆ ನಮ್ಮ ಮುಖವನ್ನೇ ನೋಡುತ್ತಿದ್ದರು. ಚೌಕಾಬಾರಕ್ಕೆ ಮಾಡಿಕೊಳ್ಳುವ ಹಾಗೆ ನಾಲ್ಕು ಹುಣಸೆ ಬೀಜವನ್ನು ಚಪ್ಪಡಿಗೆ ಉಜ್ಜಿ ಒಂದು ಬದಿ ಬೆಳ್ಳಗೆ ಮಾಡಿಕೊಂಡೆವು. ಎಷ್ಟು ಬಿಳಿ ಬಿದ್ದರೆ ಅಷ್ಟು, ನಾಲ್ಕೂ ಕಪ್ಪು ಬಿದ್ದರೆ ಎಂಟು. ಎಂಟಕ್ಕಿಂತ ದೊಡ್ಡದು ಜಗತ್ತಿನಲ್ಲಿ ಇರಲಿಲ್ಲ.

ಆಡುವುದಕ್ಕೆ ಹೊತ್ತೆಲ್ಲಿ ಎನ್ನುತ್ತೀರೇನೋ. ಅದು ಹೊಗೆಸೊಪ್ಪಿನ ಕಾಲ. ಭಾನುವಾರ ಬಂದರೆ ಮುರಿದು ತಂದ ಹಸಿ ಎಲೆಯ ರಾಶಿ ಸೊಪ್ಪು ಬೇಯಿಸುವ ಮನೆ, ಅಂದರೆ ಬ್ಯಾರನ್ನಿನ ಮುಂದೆ ಬಿದ್ದಿರುತ್ತಿತ್ತು. ಅದನ್ನು ಎರಡೆರಡಾಗಿ ಕೋಲಿಗೆ ದಾರದಲ್ಲಿ ಕಟ್ಟಿ, ಒಳಗೆ ಬೇಯಲು ನೇತುಹಾಕಬೇಕು. ಕೈಗೆ ಪುರುಸೊತ್ತಿಲ್ಲ, ಬಾಯಿಗೆ ಕೆಲಸವಿಲ್ಲ. ಬಾಯಲ್ಲೇ ಆಡುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಆ ಪುಸ್ತಕ ಬರೆದವರಿಗೂ ಸಿಕ್ಕಿರಲಾರದು. ಒಂದೇ ತೊಂದರೆ, ಸೊಪ್ಪಿನ ಅಂಟು. ಕೈ ಕಪ್ಪಾಗಿ ಬೆರಳಿಗೆ ಬೆರಳು ಮೆತ್ತಿಕೊಳ್ಳುತ್ತಿತ್ತು. ಎರಡೇ ವಾರದಲ್ಲಿ ಗಿರೀಶಣ್ಣನ ಪುಸ್ತಕ ಹೆಬ್ಬೆಟ್ಟು ಒತ್ತಿದ ಹಳೇ ದಸ್ತಾವೇಜಿನ ಹಾಗಾಯಿತು.

ಆಟಕ್ಕೆ ನಾವು ನಾಲ್ವರು. ಗಿರೀಶಣ್ಣ ಕಥೆ ನಡೆಸುವವನು. ನನ್ನ ತಮ್ಮ ಮಹೇಶ ಕತ್ತಿವೀರ, ಎದುರಿಗೆ ಯಾರು ಬಂದರೂ ಕೇಳುವ ಮೊದಲೇ ಕಡಿದುಬಿಡುತ್ತಿದ್ದ, ಒಂದು ಸಲ ದಾರಿ ತೋರಿಸಲು ಬಂದ ಮುದುಕನನ್ನೂ ಕಡಿದ. ನನಗೆ ಸಿಕ್ಕಿದ್ದು ಊರೂರು ತಿರುಗಿ ಹಾಡಿ ಹೊಗಳಿ ಜನರನ್ನು ಮರುಳು ಮಾಡುವವಳ ಪಾತ್ರ. ಇಂಗ್ಲಿಷಿನಲ್ಲಿ ಅದಕ್ಕೇನೋ ಹೆಸರಿತ್ತು. ‘ನಮ್ಮನೆಗೆ ಬಂದು ವಂಶ ಹೊಗಳ್ತಾರಲ್ಲ ಹೆಳವ್ರು, ಅಂಗೆ ಕಣ’ ಎಂದು ಸಾಕಮ್ಮತ್ತೆ ಒಂದೇ ಮಾತಿನಲ್ಲಿ ಬಗೆಹರಿಸಿದಳು.

ಸಾಕಮ್ಮತ್ತೆಯೇ ನಾಲ್ಕನೆಯವಳು. ಅಪ್ಪನ ತಂಗಿ. ಕೆ.ಆರ್. ನಗರದ ಕಡೆಯ ಗಂಡನ ಮನೆಯಿಂದ ಬಂದು ಮೂರು ವರ್ಷವಾಗಿತ್ತು. ಯಾಕೆ ಬಂದಳು ಎಂದು ದೊಡ್ಡವರು ನಮಗೆ ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ವರ್ಷಕ್ಕೊಂದು ಸಲ ಆ ಕಡೆಯವರು ಬಾಳೆಗೊನೆ ಹಿಡಿದು ಕರೆಯಲು ಬರುವರು, ಅತ್ತೆ ಹಿತ್ತಿಲಲ್ಲಿ ಎಮ್ಮೆ ತೊಳೆಯುತ್ತ ಕುಳಿತುಬಿಡುವಳು, ಅವರು ಗೊನೆ ಬಿಟ್ಟು ಹೋಗುವರು. ನಮಗೆ ಅದು ಬಾಳೆಹಣ್ಣಿನ ಹಬ್ಬ ಅಷ್ಟೇ.

ಆಟ ಶುರುವಾದ ಮೇಲೆ ಗೊತ್ತಾಯಿತು, ಜೆರಾಕ್ಸಿನಲ್ಲಿ ನಾಲ್ಕು ಪುಟ ಇಲ್ಲ. ಅವುಗಳ ಜಾಗದಲ್ಲಿ ಯಾರದೋ ಮಾರ್ಕ್ಸ್ ಕಾರ್ಡ್ ಸೇರಿಕೊಂಡಿತ್ತು, ಪಾಪ, ಗಣಿತದಲ್ಲಿ ಫೇಲು. ಕಳೆದುಹೋದ ಪುಟಗಳಲ್ಲೇ ನನ್ನ ಪಾತ್ರದ ಜೀವ ಇದ್ದದ್ದು. ಪರಿವಿಡಿಯಲ್ಲಿ ಹೆಸರು ಮಾತ್ರ ಉಳಿದಿತ್ತು: ಚಾರ್ಮ್ ಮತ್ತು ಪರ್ಸುವೇಶನ್. ಕಾಲೇಜಿನ ನಿಘಂಟಿನಲ್ಲಿ ನೋಡಿದರೆ ಚಾರ್ಮ್ ಎಂದರೆ ಮೋಡಿ, ಮಾಟ, ತಾಯಿತ. ಒಂದು ವಾರ ನಾನು ತಾಯಿತ ಕಟ್ಟುವವಳಾಗಿ ಆಡಿದೆ. ರಾಕ್ಷಸ ತೋಳು ಒಡ್ಡಲಿಲ್ಲ.

‘ಇನ್ನೊಂದೇನ್ಲಾ ಅದು, ಪರ್ಸು...?’ ಅತ್ತೆ ಕೋಲು ತಿರುಗಿಸುತ್ತ ಕೇಳಿದಳು.

‘ಪರ್ಸುವೇಶನ್ ಅತ್ತೆ. ಮಾತಾಡಿ ಒಪ್ಪಿಸೋದು’ ಎಂದ ಗಿರೀಶಣ್ಣ.

‘ಪುಸಲಾಯ್ಸಾದು ಅನ್ನು! ನಮ್ದೇ ಮಾತ್ನ ತಿರ್ಚಿ ಮುರ್ದು ಹೇಳ್ತಾನೆ. ಅದ್ಕೆ ಪುಸ್ತಕ ಯಾಕ್ಲಾ ಬೇಕು?’

ಬೇಕಾಗಿರಲಿಲ್ಲ ನಿಜ. ಅತ್ತೆಯೇ ನಡೆದಾಡುವ ಪುಸ್ತಕವಾಗಿದ್ದಳು. ಕೆ.ಆರ್. ನಗರದಿಂದ ಹುಣಸೂರಿಗೆ ಹೋಗುವ ಬೆಳಗಿನ ಬಸ್ಸು ನಮ್ಮೂರ ಮುಂದೆ ನಿಲ್ಲುತ್ತಿರಲಿಲ್ಲ. ಒಂದು ದಿನ ಅತ್ತೆ ಅದೇ ಬಸ್ಸಿನಲ್ಲಿ ಹುಣಸೂರಿನಿಂದ ಬರುತ್ತಾ ಇಂಜಿನ್ ಪಕ್ಕದ ಸೀಟಿನಲ್ಲಿ ಕುಳಿತು ಡ್ರೈವರನ ಜೊತೆ ಮಾತಿಗಿಳಿದಳು. ನಾನು ಹಿಂದೆ ನಿಂತಿದ್ದೆ.

‘ಯಾವೂರಪ್ಪ ನಿಂದು?’

‘ಪಿರಿಯಾಪಟ್ಣ ಕಣಮ್ಮ.’

‘ಔದಾ? ನಮ್ಮವ್ವನ ತವರೂ ಆ ಕಡೇನೇ ಕಣಪ್ಪ. ಅಂಗಾರೆ ನೀ ನಂಗೆ ತಮ್ಮನಾಗ್ಬೇಕು. ನೋಡು, ಅಕ್ಕನ ಊರು ಬಂದೇ ಬುಡ್ತು.’

ಬಸ್ಸು ನಿಂತಿತು. ‘ಹುಷಾರಾಗಿ ಇಳೀರಿ ಅಕ್ಕ’ ಎಂದ ಡ್ರೈವರ್. ಅಂದಿನಿಂದ ಬೆಳಗಿನ ಬಸ್ಸೂ ನಿಲ್ಲತೊಡಗಿತು, ಅತ್ತೆ ಕಂಡರೆ ಎರಡು ಹಾರ್ನ್ ಹೆಚ್ಚಿಗೆ. ಇಳಿದ ಮೇಲೆ ನಾನು, ‘ಅಜ್ಜಿಯ ತವರು ಕೋಟೆ ತಾಲೂಕಲ್ವಾ? ಸುಳ್ಳು ಯಾಕೆ ಹೇಳ್ದೆ?’ ಅಂದೆ. ‘ಆ ಕಡೆ ಅಂದೆ ಕಣವ್ವ. ಕೋಟೆ ಏನ್ ಈ ಕಡೆ ಅದಾ?’ ಅಂದಳು. ನನಗೆ ದಿಕ್ಕು ತಪ್ಪಿತು, ಅವಳಿಗೆ ತಪ್ಪಲಿಲ್ಲ.

ಹೀಗೆ ಅತ್ತೆಯನ್ನು ನೋಡಿ ನೋಡಿ ನಾವು ಆ ನಾಲ್ಕು ಪುಟಗಳನ್ನು ಹೊಸದಾಗಿ ಬರೆಯಲು ಕುಳಿತೆವು. ಮೊದಲನೆಯ ನಿಯಮ, ಸಂಬಂಧ ಹುಡುಕದೆ ಪುಸಲಾಯಿಸುವ ಹಾಗಿಲ್ಲ. ಎದುರಿನವನ ಊರು ಕೇಳಬೇಕು, ಅಲ್ಲಿಂದ ನೆಂಟಸ್ತನದ ದಾರ ಎಳೆಯಬೇಕು, ಕರೆಯಬೇಕು, ಆಮೇಲೆ ಬೀಜ ಹಾಕಬೇಕು. ಅಣ್ಣ ಎಂದರೆ ಎರಡು ಬಿದ್ದರೆ ಸಾಕು, ಏಕೆಂದರೆ ಅಣ್ಣ ಅನ್ನಿಸಿಕೊಂಡವನು ಬಾಗಿಲು ಕಾಯುವವನಾದರೂ ಸ್ವಲ್ಪ ನೆಟ್ಟಗಾಗುತ್ತಾನೆ. ಚಿಕ್ಕಪ್ಪ ಎಂದರೆ ಬುದ್ಧಿಮಾತು ಸಿಗುತ್ತದೆ, ಕೆಲಸ ಆಗುವುದಿಲ್ಲ. ಅಜ್ಜಿ ಎಂಬುದು ಎಲ್ಲ ಮುದುಕಿಯರ ಮೇಲೂ ನಡೆಯುತ್ತದೆ, ತಾನಿನ್ನೂ ಮುದುಕಿಯಾಗಿಲ್ಲ ಅಂದುಕೊಂಡವರನ್ನು ಬಿಟ್ಟು. ಅವರಿಗೆ ಅಜ್ಜಿ ಎಂದರೆ ಮಹೇಶನ ಕತ್ತಿಯೇ ಗತಿ. ಸಾಹೇಬ್ರೇ ಎನ್ನಬಹುದೇ ಎಂದು ಗಿರೀಶಣ್ಣ ಕೇಳಿದ್ದಕ್ಕೆ ಅತ್ತೆ, ‘ಅದು ಪುಸಲಾಯ್ಸಾದಲ್ಲ, ಎದರ್ಕಳಾದು’ ಅಂದಳು. ಇನ್ನು ಯಾರ ಬಾಗಿಲಲ್ಲಿ ಅಕ್ಕ ಎಂದೆವೋ ಅಲ್ಲಿ ಕೊಟ್ಟದ್ದನ್ನು ತಿನ್ನಲೇಬೇಕು, ರಾಕ್ಷಸಿಯ ಅಡುಗೆಯಾದರೂ ಸರಿ. ಈ ನಿಯಮದಿಂದ ಕತ್ತಿವೀರ ಮಹೇಶ ಎರಡು ಸಲ ಹೊಟ್ಟೆನೋವಿನಿಂದ ಸತ್ತ.

ಮಾವ ಎಂಬ ಪದದ ನಿಯಮ ಮಾತ್ರ ನನ್ನ ಸ್ವಂತ ಅನುಭವದಿಂದ ಬಂದದ್ದು. ಹೇಳಿಕೊಳ್ಳಲು ಈಗಲೂ ಕಿವಿ ಬಿಸಿಯಾಗುತ್ತದೆ. ಅತ್ತೆಯ ವಿದ್ಯೆಯನ್ನು ನಾನೂ ಒಂದು ಕೈ ನೋಡೋಣವೆಂದು ಒಂದು ಬೆಳಿಗ್ಗೆ ಬಸ್ಸಿನಲ್ಲಿ ಹೊಸ ಕಂಡಕ್ಟರನ ಊರು ಕೇಳಿದೆ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ‘ಎನ್. ಬೇಗೂರು’ ಅಂದ. ಕೋಟೆ ತಾಲೂಕು! ಅಮ್ಮನ ತವರೂ ಅದೇ ಕಡೆ. ಅಮ್ಮನ ಕಡೆಯ ಗಂಡಸರು ಏನಾಗಬೇಕು? ತರ್ಕ ಶುದ್ಧವಾಗಿತ್ತು. ‘ಹಂಗಾದ್ರೆ ನೀವು ನಂಗೆ ಮಾವ ಆಗ್ಬೇಕು’ ಎಂದೆ, ಇಡೀ ಬಸ್ಸಿಗೆ ಕೇಳುವ ಹಾಗೆ.

ಹದಿನೇಳರ ಹುಡುಗಿ ಪ್ರಾಯದ ಹುಡುಗನನ್ನು ಎಲ್ಲಿಂದಲೋ ಹುಡುಕಿ ತೆಗೆದು ಮಾವ ಎಂದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಅರ್ಥ. ಬಸ್ಸಿನ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಆಮೇಲೆ ಕೋಳಿ ಬುಟ್ಟಿ ಹಿಡಿದಿದ್ದ ಅಜ್ಜಿ, ‘ಲಗ್ನ ಯಾವಾಗವ್ವ?’ ಎಂದಳು. ಕಂಡಕ್ಟರನ ಮುಖ ಕೆಂಪಗಾಗಿ, ಟಿಕೆಟ್ ಕೊಡುವುದನ್ನೇ ಮರೆತು ಹಿಂದಿನ ಬಾಗಿಲಿಗೆ ಹೋಗಿ ನಿಂತ. ಒಂದು ತಿಂಗಳು ನಾನು ಮುಂದಿನ ಬಸ್ಸಿಗೆ ಹೋಗಿ ಮೊದಲನೆಯ ಪೀರಿಯಡ್ ತಪ್ಪಿಸಿಕೊಂಡೆ. ಅತ್ತೆ ನಕ್ಕೂ ನಕ್ಕೂ ಸೊಪ್ಪಿನ ರಾಶಿಯ ಮೇಲೆ ಬಿದ್ದಳು. ‘ಮಾವ ಅನ್ನಾಕೆ ಎಂಟು ಬೀಳ್ಬೇಕು ಅಂತ ಬರ್ಕಳ್ಲಾ ಗಿರೀಶ’ ಎಂದಳು.

ನನ್ನ ಪಾತ್ರ ಮಾತ್ರ ಆಟದಲ್ಲಿ ಮೆರೆಯಿತು. ಕಾಡು ದಾಟಿದೆ, ಕಾವಲುಗಾರರನ್ನು ದಾಟಿದೆ, ಕಳ್ಳರ ಗುಂಪಿಗೆ ತಂಗಿಯಾಗಿ ಸೀರೆ ಗಿಟ್ಟಿಸಿಕೊಂಡೆ. ಜಂಬ ಏರಿತ್ತು. ಹೀಗಿರುವಾಗ ಒಂದು ಭಾನುವಾರ ಗಿರೀಶಣ್ಣನಿಗೆ ಗಂಟಲು ಕಟ್ಟಿ, ಸೇತುವೆ ಕಾಯುವ ರಾಕ್ಷಸಿಯ ಮಾತನ್ನು ಅತ್ತೆಯೇ ಆಡಬೇಕಾಯಿತು. ನಾನು ಊರು ಕೇಳಿದೆ, ದಾರ ಎಳೆದೆ, ‘ಅಕ್ಕಾ’ ಎಂದೆ, ಬೀಜ ಹಾಕಿದೆ. ನಾಲ್ಕೂ ಕಪ್ಪು. ಎಂಟು!

‘ಪುಸಲಾಯ್ತು. ದಾರಿ ಬಿಡು ಅತ್ತೆ.’

‘ಬುಡಾಕಿಲ್ಲ.’

‘ಎಂಟು ಬಿದ್ದದೆ ಅತ್ತೆ. ರೂಲ್ಸು.’

‘ಬೀಳ್ಲಿ. ನಂಗೆಲ್ಲಿ ಬೀಜ? ಕೇಳಾಕೆ ನಿಂಗೆ ನಾಕು ಬೀಜ ಕೊಟ್ಟವ್ರೆ, ಬ್ಯಾಡ ಅನ್ನಾಕೆ ನಂಗೊಂದಾದ್ರೂ ಬ್ಯಾಡ್ವಾ?’

ನಾವು ಮೂವರೂ ಅವಳ ಮೇಲೆ ಬಿದ್ದೆವು. ಎಲ್ಲರೂ ಬೇಡ ಅನ್ನುತ್ತಾ ಕೂತರೆ ಕಥೆ ಮುಂದೆ ಹೋಗುವುದು ಹೇಗೆ? ಸೇತುವೆಯ ಆಚೆ ನಿಧಿ ಇದೆ, ಗಿರೀಶಣ್ಣ ಸೋಮವಾರ ಮೈಸೂರಿಗೆ ಹೋಗಬೇಕು. ಅಂಥ ನಿಯಮ ಪುಸ್ತಕದಲ್ಲೇ ಇಲ್ಲ ಎಂದೆ ನಾನು, ಆ ಪುಟವೇ ನಮ್ಮ ಬಳಿ ಇಲ್ಲ ಎಂಬುದನ್ನು ಮರೆತು. (ಮುಂದೆ ಗಿರೀಶಣ್ಣ ಯಾರಿಂದಲೋ ಪೂರ್ತಿ ಪ್ರತಿ ಸಂಪಾದಿಸಿದ. ನೋಡಿದರೆ, ಮೋಡಿಗೊಳಗಾದವರು ಅದನ್ನು ತಡೆಯಲು ತಾವೂ ಒಮ್ಮೆ ದಾಳ ಹಾಕಬಹುದು ಎಂದು ಮೊದಲ ಸಾಲಿನಲ್ಲೇ ಇತ್ತು. ನನಗೆ ಆ ಪುಟ ಪೂರ್ತಿ ಓದಲಾಗಲಿಲ್ಲ.) ಅತ್ತೆ ಹೆಚ್ಚು ಜಗಳ ಆಡಲಿಲ್ಲ. ‘ಆಡ್ಕಳಿ, ನಂಗೆ ಬ್ಯಾಡ’ ಎಂದು ತನ್ನ ಕೋಲುಗಳನ್ನು ಎತ್ತಿಕೊಂಡು ಬ್ಯಾರನ್ನಿನ ಆಚೆ ಬದಿಗೆ ಹೋಗಿ ಕುಳಿತಳು. ನಾವು ಸೇತುವೆ ದಾಟಿದೆವು.

ಅದಾದ ಮುಂದಿನ ಭಾನುವಾರ ಕೆ.ಆರ್. ನಗರದ ಕಡೆಯವರು ಬಂದರು. ಮಾವನ ಅಣ್ಣ, ಅವರೂರಿನ ಒಬ್ಬ ಯಜಮಾನರು, ಮತ್ತು ಈ ಸಲ ಅತ್ತೆಯ ಗಂಡ, ನಮ್ಮ ಮಾವನೂ. ಮಾವ ಜಗಲಿಯ ತುದಿಯಲ್ಲಿ ಟವೆಲ್ ಮಡಿಚಿಟ್ಟುಕೊಂಡು ಕುಳಿತ. ಮಿಕ್ಕಿಬ್ಬರು ಅಪ್ಪನ ಜೊತೆ ಮಾತಾಡಿದರು, ಆದರೆ ಅತ್ತೆ ಎಲ್ಲಿದ್ದರೂ ಕೇಳಲಿ ಎಂದು ಊರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

‘ಸಾಕಮ್ಮ ನಮ್ಗೆ ಸೊಸೆ ಅಲ್ಲ ಕಣಪ್ಪ, ಮನೆ ಮಗ್ಳು’ ಎಂದರು ಯಜಮಾನರು.

‘ನಂಗಂತೂ ಒಡುಟ್ಟಿದ್ ತಂಗಿ ಇದ್ದಂಗೆ’ ಎಂದ ಮಾವನ ಅಣ್ಣ.

ಬಾಗಿಲ ಹಿಂದೆ ನಿಂತ ನಾನು ಅಭ್ಯಾಸ ಬಲದಿಂದ ಮಗಳಿಗೆ ಮೂರು, ತಂಗಿಗೆ ಎರಡು ಎಂದು ಮನಸ್ಸಿನಲ್ಲೇ ಬೀಜ ಎಣಿಸುತ್ತಿದ್ದೆ. ಅಪ್ಪ ತಲೆ ಕೆರೆದುಕೊಳ್ಳುತ್ತಿದ್ದ. ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡಳು.

‘ಇದೇ ಕೊನೆ ಅಂತೆ ಕಣೆ. ಈ ಸಲ ಬರ್ದಿದ್ರೆ ಅವ್ರು ಇನ್ನ ಬರಾಕಿಲ್ವಂತೆ, ಬ್ಯಾರೆ ನೋಡ್ತಾರಂತೆ. ನಾಳೆ ದಿನ ಅವ್ಳಿಗೆ ಯಾರವ್ವ ದಿಕ್ಕು? ನಿನ್ ಮಾತಾದ್ರೆ ಕೇಳ್ತಾಳೆ. ಓಗು, ಒಸಿ ನೀನೇ ಒಪ್ಸು.’

ಅಮ್ಮನ ಕಣ್ಣಲ್ಲಿ ನೀರಿತ್ತು, ಅತ್ತೆಯ ಮೇಲೆ ಅವಳಿಗೆ ನಿಜವಾದ ಅಕ್ಕರೆ. ನನಗೋ, ಹೇಳಿದರೆ ನಾಚಿಕೆಗೇಡು, ಮೊದಲು ಆದದ್ದು ಹೆಮ್ಮೆ. ದೊಡ್ಡವರಿಂದ ಆಗದ ಕೆಲಸ ನನ್ನ ಪಾಲಿಗೆ ಬಂದಿತ್ತು. ಬೆಲ್ಲದ ಕಾಫಿ ಎರಡು ಲೋಟಕ್ಕೆ ಬಗ್ಗಿಸಿಕೊಂಡು ಬ್ಯಾರನ್ನಿನ ಆಚೆ ಬದಿಗೆ ಹೋದೆ. ಅತ್ತೆ ಸೊಪ್ಪು ಕಟ್ಟುವುದನ್ನು ನಿಲ್ಲಿಸಿರಲಿಲ್ಲ. ಹತ್ತಿರ ಕುಳಿತು ಅವಳ ಮಂಡಿಯ ಮೇಲೆ ಕೈಯಿಟ್ಟೆ. ‘ಅತ್ತೆ, ನೀನು ನಮ್ಮತ್ತೆ ಅಲ್ವಾ’ ಎಂದು ಶುರು ಮಾಡಿದೆ. ಮಾವ ಎಷ್ಟು ಬಡವಾಗಿದ್ದಾನೆ ಎಂದೆ. ನೀನು ಹೋದರೆ ರಜಕ್ಕೆಲ್ಲ ನಾನು ನಿನ್ನ ಮನೆಗೇ ಬರುತ್ತೇನೆ ಎಂದೆ. ನಮ್ಮೆಲ್ಲರ ಒಳ್ಳೆಯದಕ್ಕೆ ಎಂದೆ. ದನಿ ಎಲ್ಲಿ ಇಳಿಸಬೇಕೋ ಅಲ್ಲಿ ಇಳಿಸಿದೆ. ಅಷ್ಟು ಚೆನ್ನಾಗಿ ನಾನು ಯಾವ ರಾಕ್ಷಸನ ಹತ್ತಿರವೂ ಮಾತಾಡಿರಲಿಲ್ಲ.

ಅತ್ತೆ ಪೂರ್ತಿ ಕೇಳಿದಳು. ಕಾಫಿ ಕುಡಿದು ಲೋಟ ಕೆಳಗಿಟ್ಟಳು.

‘ಚಂದಾಗಿ ಪುಸಲಾಯಿಸ್ತೀಯ ಕಣವ್ವ. ನಾನೇ ಕಲ್ಸಿದ್ದು.’ ಆಮೇಲೆ ಕೇಳಿದಳು, ‘ಇದ್ರಲ್ಲಾದ್ರೂ ನಾನು ಬ್ಯಾಡ ಅನ್ಬೋದಾ? ಇಲ್ಲ, ಇದ್ಕೂ ರೂಲ್ಸು ಅದಾ?’

ನಾನು ಅವಳ ಮಂಡಿಯ ಮೇಲಿಂದ ಕೈ ತೆಗೆದೆ. ಅಂಟು ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತ ಅವಳೇ ಹೇಳಿದಳು.

‘ನಿಮ್ಮಾವ ಕೆಟ್ಟೋನಲ್ಲ ಕಣೆ. ಕುಡಿಯಾಕಿಲ್ಲ, ಒಡಿಯಾಕಿಲ್ಲ. ಅನ್ನೊಂದು ವರ್ಸ ಆ ಮನೇಲಿ ನನ್ನ ಯಾರೂ ಏನಂತ್ಲೂ ಕರೀನಿಲ್ಲ. ಉಣ್ಣಾಕೆ ಬೇಕಾದ್ರೆ ಕೆಮ್ಮೋನು. ನೀರು ಬೇಕಾದ್ರೆ ಚೊಂಬು ಕುಟ್ಟೋನು. ಈಗ ಮಗ್ಳು ಅಂತಾರೆ, ತಂಗಿ ಅಂತಾರೆ. ಅಷ್ಟು ವರ್ಸ ಈ ಮಾತ್ನೆಲ್ಲ ಎಲ್ ಮಡಗಿದ್ರು? ನಾನು ಬಸ್ಸಲ್ಲಿ ಕಂಡೋರ್ನೆಲ್ಲ ತಮ್ಮ, ಅಣ್ಣ ಅಂತೀನಲ್ಲ, ಪುಕ್ಸಟ್ಟೆ ಕೆಲ್ಸ ಮಾಡಿಸ್ಕಳಾಕೆ ಅಂದ್ಕಂಡಾ? ಅವ್ರು ತಿರ್ಗಿ ಅಕ್ಕಾ ಅಂತಾರಲ್ಲ, ಅದ್ಕೆ.’

ನನಗೆ ಅಳು ಬಂತು. ಅವಳ ಹಸಿವನ್ನು ನಾವು ನಿಯಮ ಮಾಡಿ, ನಂಬರ್ ಹಾಕಿ, ನಿಧಿ ಹೊಡೆಯಲು ಬಳಸಿದ್ದೆವು. ಅವಳು ಕೇಳಿದ್ದ ಒಂದೇ ಒಂದು ಬೀಜವನ್ನೂ ಕೊಟ್ಟಿರಲಿಲ್ಲ.

ಎದ್ದು ಜಗಲಿಗೆ ಬಂದೆ. ಯಜಮಾನರು ಆಸೆಯಿಂದ ನನ್ನ ಕಡೆ ನೋಡಿದರು. ತಾತ ಎಂದು ಕರೆದು, ಊರು ಕೇಳಿ, ಮೆತ್ತಗೆ ಹೇಳಬೇಕೆಂದು ನಾಲಿಗೆ ತಾನಾಗಿ ಹೊರಳುತ್ತಿತ್ತು. ತಡೆದುಕೊಂಡೆ.

‘ಅತ್ತೆ ಬರಲ್ಲ’ ಎಂದೆ.

‘ಅದ್ನ ಏಳಾಕೆ ನೀ ಯಾರವ್ವ?’ ಎಂದ ಮಾವನ ಅಣ್ಣ. ತಂಗಿಯಂತಿದ್ದವಳ ಬಗ್ಗೆ ಮಾತಾಡುತ್ತಿದ್ದ ದನಿ ಅದಾಗಿರಲಿಲ್ಲ. ಅಮ್ಮ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ಅತ್ತೆ ಹಿಂದಿನಿಂದ ಬಂದು ನನ್ನ ಪಕ್ಕ ನಿಂತಳು. ಕೈ ಇನ್ನೂ ಕಪ್ಪಾಗಿಯೇ ಇತ್ತು.

‘ಅವ್ಳು ಏಳಿದ್ದು ಸರಿಯಾಗದೆ. ನಾನು ಬರಾಕಿಲ್ಲ’ ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, ‘ಇಲ್ಲೂ ಇರ್ಬ್ಯಾಡ ಅನ್ನಂಗಿದ್ರೆ ಈಗ್ಲೇ ಏಳ್ಬುಡಣ್ಣ’ ಎಂದಳು.

ಅಪ್ಪ ಮೂರು ವರ್ಷದಿಂದ ತಲೆ ಕೆರೆದುಕೊಂಡು ಕಳೆದವನು. ಆ ದಿನ ಎದ್ದು ನಿಂತ. ‘ಅಂಗ್ಯಾಕಂದಿಯೇ? ನಿನ್ ಮನೆ ಇದು’ ಎಂದ. ಯಜಮಾನರು ಟೋಪಿ ಸರಿಮಾಡಿಕೊಂಡರು. ಅವರೂ ಮಾವನ ಅಣ್ಣನೂ ಜಗಲಿ ಇಳಿದು ಹೊರಟರು.

ಮಾವ ಕೊನೆಗೆ ಎದ್ದ. ಟವೆಲ್ ಹೆಗಲಿಗೆ ಹಾಕಿಕೊಂಡು ಅಂಗಳದ ನಡುವಿನವರೆಗೆ ಹೋದವನು ನಿಂತುಬಿಟ್ಟ. ಗಂಟಲು ಸರಿಮಾಡಿಕೊಂಡ. ಕೆಮ್ಮುತ್ತಾನೆ ಎಂದುಕೊಂಡೆ.

‘ಸಾಕಮ್ಮ’ ಎಂದ.

ಅತ್ತೆಯ ಮೈ ಒಂದು ಸಲ ಝುಮ್ಮೆಂದದ್ದು ಪಕ್ಕದಲ್ಲಿದ್ದ ನನಗೆ ಗೊತ್ತಾಯಿತು.

‘ಓ’ ಎಂದಳು.

ಮಾವ ಕಾದ. ಅತ್ತೆ ಕಂಬ ಹಿಡಿದುಕೊಂಡಳು, ಮೆಟ್ಟಿಲು ಇಳಿಯಲಿಲ್ಲ. ‘ಬಸ್ಸಿಗೆ ಒತ್ತಾಗ್ತದೆ, ಒರಡಿ’ ಎಂದಳು, ತುಂಬ ಮೆತ್ತಗೆ. ಅವನು ತಲೆಯಾಡಿಸಿ ಹೊರಟ.

ಅವನು ರಸ್ತೆ ತಿರುವು ದಾಟುವವರೆಗೂ ನೋಡಿ ಅತ್ತೆ ಬ್ಯಾರನ್ನಿನ ಮುಂದೆ ಬಂದು ಕುಳಿತಳು. ಕೋಲು ಎತ್ತಿಕೊಂಡಳು. ದಾರ ಎರಡು ಸಲ ಕೈಜಾರಿತು. ನಾನು ಎದುರಿಗೆ ಕುಳಿತು ಎರಡೆರಡು ಎಲೆ ಜೋಡಿಸಿ ಕೊಡುತ್ತಾ ಹೋದೆ. ರಾಶಿ ಮುಗಿಯುವವರೆಗೂ ಇಬ್ಬರೂ ಒಂದು ಮಾತಾಡಲಿಲ್ಲ. ನಮಗಿಬ್ಬರಿಗೂ ಬದುಕಿನಲ್ಲಿ ಅಷ್ಟು ಹೊತ್ತು ಸುಮ್ಮನಿದ್ದು ಅಭ್ಯಾಸವೇ ಇರಲಿಲ್ಲ.